ಮೊದಲ ಪಿಯಾನೋ ರಿಸೈಟಲ್‌ಗೆ ಹೊರಟಿದ್ದೀರಾ? ಎಡಗೈ ಕೇಳುವುದನ್ನು ಕಲಿಯಿರಿ

"ಲಂಡನ್ನಿನಲ್ಲಿರುವ ಮಗಳು ಟಿಕೆಟ್ ತೆಗೆದಿದ್ದಾಳೆ. ಒಬ್ಬರೇ ಕೂತು ಎರಡು ಗಂಟೆ ಪಿಯಾನೋ ನುಡಿಸುತ್ತಾರಂತೆ. ನನಗೆ ಅದರ ಗಂಧಗಾಳಿ ಇಲ್ಲ. ಹೇಗೆ ಕೇಳೋದು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರು, ಮೈಸೂರಿನಿಂದಲೂ ಬರುತ್ತದೆ. ಕೇಳುವವರಲ್ಲಿ ಜಾಸ್ತಿ ಜನ ವರ್ಷಗಟ್ಟಲೆ ರಾಮನವಮಿ ಕಚೇರಿಗಳಲ್ಲಿ ಕೂತವರು. ಕಿವಿ ಚೆನ್ನಾಗಿ ಪಳಗಿದೆ. ಆದರೆ ಪಿಯಾನೋ ಮುಂದೆ ಆ ಕಿವಿಯನ್ನು ಎಲ್ಲಿಡಬೇಕು ಅನ್ನುವುದು ಗೊತ್ತಾಗುವುದಿಲ್ಲ, ಅಷ್ಟೇ.

ನಾವು ಚಿಕ್ಕಂದಿನಿಂದ ಕೇಳಿದ್ದು ಒಂದು ಎಳೆಯ ಸಂಗೀತ. ಹಾಡುವವರು ಹಾಡುತ್ತಾರೆ, ಪಿಟೀಲು ಹಿಂಬಾಲಿಸುತ್ತದೆ, ಕೆಳಗೆ ಶ್ರುತಿ ಅಲುಗಾಡದೆ ನಿಂತಿರುತ್ತದೆ. ಅದೇ ರೂಢಿಯಲ್ಲಿ ಪಿಯಾನೋ ಕೇಳುವಾಗಲೂ ಕಿವಿ ಮೇಲಿನ ಎಳೆಗೇ ಅಂಟಿಕೊಳ್ಳುತ್ತದೆ. ಅದು ಬಲಗೈಯ ಕೆಲಸ. ಅರ್ಧ ಕತೆ ನಡೆಯುವುದು ಎಡಗೈಯಲ್ಲಿ. ಎಡಗೈ ಕೇಳಿಸದೆ ಹೋದರೆ "ಚೆನ್ನಾಗಿತ್ತು, ಆದರೆ ಏನು ನಡೀತು ಗೊತ್ತಾಗಲಿಲ್ಲ" ಅಂತ ಮನೆಗೆ ಬರುತ್ತೇವೆ. ಆದ್ದರಿಂದ ಸೀಟು, ಬಟ್ಟೆ, ಚಪ್ಪಾಳೆಯ ವಿಷಯವನ್ನೂ ಹೇಳುತ್ತೇನೆ, ಆದರೆ ಜಾಸ್ತಿ ಹೊತ್ತು ಎಡಗೈಯ ಹತ್ತಿರವೇ ನಿಲ್ಲುತ್ತೇನೆ.

ಮೊದಲು ಎರಡು ಪದ. ಪಿಯಾನೋ ರಿಸೈಟಲ್ ಅಂದರೆ ಒಬ್ಬರೇ ಕಲಾವಿದರ ಕಚೇರಿ. ಪಕ್ಕವಾದ್ಯ ಇಲ್ಲ, ತಂಬೂರಿ ಇಲ್ಲ. ಪಿಯಾನೋ ಕಚೇರಿಗೆ ಈ ಹೆಸರು ಅಂಟಿದ್ದು 1840ರ ಜೂನ್‌ನಲ್ಲಿ, ಲಂಡನ್ನಿನಲ್ಲಿ, ಫ್ರಾಂಜ್ ಲಿಸ್ಟ್ ಅವರ ಕಾರ್ಯಕ್ರಮದ ಜಾಹೀರಾತಿನಿಂದ. ಅದಕ್ಕೂ ಮುಂಚೆ ಸಭೆಯೆಂದರೆ ಹಾಡುಗಾರರು, ಪಿಟೀಲು, ವಾದ್ಯವೃಂದ ಎಲ್ಲ ಸೇರಿದ ಮಿಶ್ರಣವೇ ರೂಢಿಯಾಗಿತ್ತು. ಇನ್ನು ನಾನು ಇಲ್ಲಿ ಹೇಳುವುದು ರೊಮ್ಯಾಂಟಿಕ್ ಕಾಲದ ಸಂಗೀತದ ಬಗ್ಗೆ. ರೊಮ್ಯಾಂಟಿಕ್ ಅಂದರೆ ಪ್ರೇಮಗೀತೆ ಅಂದುಕೊಳ್ಳಬೇಡಿ. ನಮ್ಮ ನವೋದಯದ ಕವಿಗಳು ವರ್ಡ್ಸ್‌ವರ್ತ್, ಶೆಲ್ಲಿಯನ್ನು ಮೆಚ್ಚಿ ಓದಿದರಲ್ಲ, ಆ ಗಾಳಿ ಯುರೋಪಿನ ಸಂಗೀತದಲ್ಲೂ ಬೀಸಿತು. ಸುಮಾರಾಗಿ 19ನೇ ಶತಮಾನ ಅಂತ ಇಟ್ಟುಕೊಳ್ಳಿ. ಶೂಬರ್ಟ್, ಮೆಂಡೆಲ್ಸನ್, ಶೋಪ್ಯಾನ್, ಶೂಮನ್, ಲಿಸ್ಟ್, ಬ್ರಾಮ್ಸ್ ಇವರೆಲ್ಲ ಆ ಕಾಲದಲ್ಲಿ ಸಂಗೀತ ರಚಿಸಿದವರು. ರಾಖ್ಮನಿನಾಫ್ 1943ರವರೆಗೆ ಬದುಕಿದ್ದರೂ ಮನಸ್ಸಿನಿಂದ ಇದೇ ಮನೆಯವರು.

ಬೇಕಾದ್ದೇನು?

ಕಾರ್ಯಕ್ರಮದ ಪಟ್ಟಿ, ಒಂದು ಒಳ್ಳೆಯ ಹೆಡ್‌ಫೋನ್, ಒಂದು ವಾರದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ. ಸಂಗೀತ ಓದಲು ಬರಬೇಕಾಗಿಲ್ಲ.

1. ಪಟ್ಟಿಯನ್ನು ಓದಿಕೊಳ್ಳಿ

ಹಾಲ್‌ನ ವೆಬ್‌ಸೈಟ್‌ನಲ್ಲಿ ಯಾವ ಕೃತಿ ನುಡಿಸುತ್ತಾರೆ ಅನ್ನುವುದು ಸಾಮಾನ್ಯವಾಗಿ ತಿಂಗಳುಗಳ ಮುಂಚೆಯೇ ಇರುತ್ತದೆ. ನಮ್ಮ ಕಚೇರಿಯ ಹಾಗೆ ವೇದಿಕೆ ಮೇಲೆ ತೀರ್ಮಾನ ಮಾಡುವುದಿಲ್ಲ. ಇದು ನಿಮಗೆ ದೊಡ್ಡ ಅನುಕೂಲ.

ಒಂದು ಸಾಲು ತೆಗೆದುಕೊಳ್ಳೋಣ: "ಶೋಪ್ಯಾನ್: ಬ್ಯಾಲಡ್ ನಂ. 1, ಜಿ ಮೈನರ್, ಓಪಸ್ 23". ಓಪಸ್ ಅನ್ನುವುದು ಕೃತಿಯ ಸಂಖ್ಯೆ. ಹೆಚ್ಚಾಗಿ ಅಚ್ಚಾದ ಕ್ರಮದಲ್ಲಿ ಬಂದದ್ದು. ಅದು ಕಷ್ಟದ ಮಟ್ಟವೂ ಅಲ್ಲ, ಗುಣದ ಅಂಕವೂ ಅಲ್ಲ. ಶೂಬರ್ಟ್ ಆದರೆ ಓಪಸ್ ಬದಲು ಡಿ ಅಂತ ಇರುತ್ತದೆ. ಅದು ಡೊಯ್ಚ್ ಎಂಬ ವಿದ್ವಾಂಸರು ಆಮೇಲೆ ಕೊಟ್ಟ ಸಂಖ್ಯೆ.

ಜಿ ಮೈನರ್‌ನಲ್ಲಿ ಜಿ ಅಂದರೆ ನಾವು ಐದು ಮನೆ ಶ್ರುತಿ ಅನ್ನುತ್ತೇವಲ್ಲ, ಅದೇ. ಷಡ್ಜ ಅಲ್ಲಿದೆ ಅಂತ ಅರ್ಥ. ಮೈನರ್ ಅಂದರೆ ಸಾಧಾರಣ ಗಾಂಧಾರ, ಮೇಜರ್ ಅಂದರೆ ಅಂತರ ಗಾಂಧಾರ. ಮೇಜರ್ ಕೇಳಿದರೆ ನಿಮಗೆ ಶಂಕರಾಭರಣದ ನೆನಪಾಗುತ್ತದೆ, ಮೈನರ್‌ನಲ್ಲಿ ಕೀರವಾಣಿಯೋ ನಟಭೈರವಿಯೋ ಇಣುಕುತ್ತದೆ. ಇಷ್ಟು ಹೋಲಿಕೆ ಸಾಕು. ಮುಂದಕ್ಕೆ ಹೋಗಿ ರಾಗ ಹುಡುಕಬೇಡಿ. ಯಾಕೆಂದರೆ ಇಲ್ಲಿ ಷಡ್ಜವೇ ಜಾಗ ಬಿಡುತ್ತದೆ. ನಮ್ಮಲ್ಲಿ ಗ್ರಹಭೇದ ಮಾಡಿದಾಗ ಒಂದು ಕ್ಷಣ ನೆಲ ಸರಿದ ಹಾಗೆ ಆಗುತ್ತದಲ್ವಾ? ಇಲ್ಲಿ ಒಂದೇ ಕೃತಿಯಲ್ಲಿ ನೆಲ ಹತ್ತು ಸಲ ಸರಿಯಬಹುದು. ಸರಿಸುವುದರಲ್ಲಿ ದೊಡ್ಡ ಪಾಲು ಎಡಗೈಯದು.

ಕೃತಿಗಳ ಹೆಸರು ಬೇಗ ನೋಡಿಬಿಡೋಣ. ನಾಕ್ಟರ್ನ್ ಅಂದರೆ ರಾತ್ರಿಯ ಹಾಡಿನಂಥದ್ದು. ಆ ಹೆಸರು ಕೊಟ್ಟವರು ಐರ್ಲೆಂಡಿನ ಜಾನ್ ಫೀಲ್ಡ್. ಎಟ್ಯೂಡ್ ಅಭ್ಯಾಸಗೀತೆ. ಬ್ಯಾಲಡ್ ಮಾತಿಲ್ಲದ ಕಥನ. ಸೊನಾಟಾ ದೊಡ್ಡ ಕೃತಿ, ಸಾಮಾನ್ಯವಾಗಿ ಮೂರೋ ನಾಲ್ಕೋ ಭಾಗ. ಆ ಭಾಗಗಳಿಗೆ ಮೂವ್‌ಮೆಂಟ್ ಅನ್ನುತ್ತಾರೆ, ಪಟ್ಟಿಯಲ್ಲಿ ಕೃತಿಯ ಹೆಸರಿನ ಕೆಳಗೆ ಸ್ವಲ್ಪ ಒಳಕ್ಕೆ ಸರಿದ ಸಾಲುಗಳಲ್ಲಿ ಬರೆದಿರುತ್ತಾರೆ.

ಎಚ್ಚರಿಕೆ: ಶೋಪ್ಯಾನ್ ಬರೆದ ಬ್ಯಾಲಡ್ ನಾಲ್ಕು. ಓಪಸ್ 28 ಒಂದರಲ್ಲೇ 24 ಪ್ರೆಲ್ಯೂಡ್‌ಗಳಿವೆ (ಪ್ರೆಲ್ಯೂಡ್ ಅಂದರೆ ಪುಟ್ಟ ಕೃತಿ). ಸುಮ್ನೆ "ಶೋಪ್ಯಾನ್ ಬ್ಯಾಲಡ್" ಅಂತ ಹುಡುಕಿ ವಾರವಿಡೀ ಬೇರೆಯದನ್ನೇ ಕೇಳಿಕೊಂಡು ಬಂದವರಿದ್ದಾರೆ. ಓಪಸ್ ಸಂಖ್ಯೆ, ಅದರೊಳಗಿನ ಕ್ರಮಸಂಖ್ಯೆ ಎರಡನ್ನೂ ಹಾಕಿ ಹುಡುಕಿ.

2. ಮನೆಯಲ್ಲಿ ಒಂದು ವಾರ ಕೇಳಿ

ಪಟ್ಟಿಯಲ್ಲಿರುವ ಎಲ್ಲವನ್ನೂ ಕೇಳಲು ಹೋಗಬೇಡಿ. ಸಭೆ ಶುರುವಾಗುವ ಕೃತಿ ಒಂದು, ಕೊನೆಯ ದೊಡ್ಡ ಕೃತಿ ಒಂದು. ಎರಡು ಸಾಕು. ನಡುವಿನದ್ದು ಹೊಸದಾಗಿಯೇ ಇರಲಿ.

ಫೋನ್‌ನ ಸ್ಪೀಕರ್‌ನಲ್ಲಂತೂ ಕೇಳಬೇಡಿ. ಇದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಪಿಯಾನೋದ ಅತಿ ಕೆಳಗಿನ ಸ್ವರ ಸೆಕೆಂಡಿಗೆ 27.5 ಸಲ ಕಂಪಿಸುತ್ತದೆ. ಬೆರಳಗಲದ ಸ್ಪೀಕರ್‌ಗೆ ಆ ಆಳದ ಸದ್ದು ಹೊರಡಿಸುವ ಶಕ್ತಿ ಇಲ್ಲ. ಅಂದರೆ ನೀವು ಕೇಳುತ್ತಿರುವುದು ಹೆಚ್ಚಾಗಿ ಬಲಗೈ. ಎಡಗೈಯ ಆಳ ಅಲ್ಲಿ ಸಿಗುವುದೇ ಇಲ್ಲ. ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿಕೊಂಡು ಅದೇ ಕೃತಿಯನ್ನು ಮತ್ತೆ ಕೇಳಿ ನೋಡಿ, ಮನೆಗೆ ಕೆಳಗೊಂದು ಅಂತಸ್ತು ಇದ್ದದ್ದು ಆಗ ಗೊತ್ತಾಗುತ್ತದೆ.

ನಾಲ್ಕು ದಿನ ಒಬ್ಬರದೇ ಧ್ವನಿಮುದ್ರಣ ಕೇಳಿ, ಐದನೇ ದಿನ ಬೇರೆಯವರದನ್ನು ಹಾಕಿ. ಶೋಪ್ಯಾನ್ ಬ್ಯಾಲಡ್‌ಗಳಿಗೆ ನಾನು ಮೊದಲು ಹೇಳುವ ಹೆಸರು ಪೋಲೆಂಡಿನ ಕ್ರಿಸ್ಟಿಯನ್ ಜಿಮರ್ಮನ್. ಶೂಮನ್ ಅವರ ಚಿಕ್ಕ ಕೃತಿಗಳಿಗೆ ಅರ್ಜೆಂಟೀನಾದ ಮಾರ್ತಾ ಅರ್ಗೆರಿಚ್. ಇವತ್ತಿನ ಯುವಕರನ್ನು ಕೇಳಬೇಕೆಂದರೆ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಶೋಪ್ಯಾನ್ ಸ್ಪರ್ಧೆಯ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಒಂದೇ ಕೃತಿಯನ್ನು ಹತ್ತಾರು ಜನ ನುಡಿಸುತ್ತಾರೆ. ಹೋಲಿಸಿ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

3. ಎಡಗೈ ಹಿಡಿಯುವ ಅಭ್ಯಾಸ

ಇಲ್ಲಿ ಅವಸರ ಬೇಡ. ಈ ಒಂದು ಮೆಟ್ಟಿಲು ಹತ್ತಿದರೆ ಮಿಕ್ಕದ್ದು ಸಲೀಸು.

ಶೋಪ್ಯಾನ್ ಅವರ ನಾಕ್ಟರ್ನ್, ಓಪಸ್ 9, ನಂ. 2 ಹಾಕಿಕೊಳ್ಳಿ. ನಾಲ್ಕೂವರೆ ನಿಮಿಷದ ಕೃತಿ. ಕೇಳಿದ ಕೂಡಲೇ "ಓ, ಇದಾ" ಅನ್ನುತ್ತೀರಿ, ಅಷ್ಟು ಪ್ರಸಿದ್ಧ. ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಅಭ್ಯಾಸಕ್ಕೆ ಇದೇ ಬೇಕು.

ಮೊದಲ ದಿನ ಬಲಗೈಯ ಹಾಡು ಕೇಳಿ. ಆ ಹಾಡು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಸ್ವಲ್ಪ ಹೊಸ ಅಲಂಕಾರ ಹೊತ್ತು ಬರುತ್ತದೆ. ಇದು ನಿಮಗೆ ಹೊಸದೇನಲ್ಲ. ಪಲ್ಲವಿಯ ಸಾಲಿಗೆ ಸಂಗತಿ ಹಾಕಿದ ಹಾಗೆಯೇ.

ಎರಡನೇ ದಿನ ಆ ಹಾಡನ್ನು ಬಿಟ್ಟುಬಿಡಿ. ಕಷ್ಟ, ಆದರೂ ಬಿಡಿ. ಕೆಳಗೆ ಎಡಗೈ ಏನು ಮಾಡುತ್ತಿದೆ? ಒಂದು ಕೆಳಗಿನ ಸ್ವರ, ಆಮೇಲೆ ಎರಡು ಕಾರ್ಡ್. ಮತ್ತೆ ಒಂದು ಕೆಳಗಿನ ಸ್ವರ, ಎರಡು ಕಾರ್ಡ್. ಕಾರ್ಡ್ ಅಂದರೆ ಒಂದೇ ಸಲಕ್ಕೆ ಒತ್ತಿದ ಮೂರ್ನಾಲ್ಕು ಸ್ವರಗಳ ಗೊಂಚಲು. ಕೃತಿಯ ಉದ್ದಕ್ಕೂ ಹೆಚ್ಚುಕಮ್ಮಿ ಇದೇ ನಡೆ. ಈಗ ಆ ಕೆಳಗಿನ ಒಂಟಿ ಸ್ವರವನ್ನು ಮಾತ್ರ ಬಾಯಿ ಮುಚ್ಚಿ ಗುನುಗಿ. ಅದು ನಮ್ಮ ಶ್ರುತಿಯ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ, ಮೆಲ್ಲಗೆ ನಡೆದಾಡುತ್ತದೆ. ಅದು ಒಂದು ಹೆಜ್ಜೆ ಸರಿದಾಗ ಮೇಲಿರುವ ಅದೇ ಸ್ವರ ಬೇರೆ ಬಣ್ಣ ತಾಳುತ್ತದೆ. ಹಗಲಿನಲ್ಲಿ ಕಂಡ ಮುಖ ದೀಪದ ಬೆಳಕಿನಲ್ಲಿ ಕಂಡ ಹಾಗೆ. ಹಾರ್ಮನಿ ಅನ್ನುವುದು ಇದನ್ನೇ.

ಮೂರನೇ ದಿನ ಎರಡನ್ನೂ ಒಟ್ಟಿಗೆ ಕೇಳಿ. ಆಗ ಇನ್ನೊಂದು ವಿಷಯ ಕಿವಿಗೆ ಬೀಳುತ್ತದೆ. ಬಲಗೈ ಒಮ್ಮೊಮ್ಮೆ ತಡಮಾಡುತ್ತದೆ, ಆಮೇಲೆ ಓಡಿಬಂದು ಸೇರಿಕೊಳ್ಳುತ್ತದೆ. ಇದಕ್ಕೆ ರೂಬಾಟೊ ಅಂತ ಹೆಸರು, ಕಾಲವನ್ನು ಒಂದಿಷ್ಟು ಕದಿಯುವುದು ಅಂತ ಅರ್ಥ. ಶೋಪ್ಯಾನ್ ತಮ್ಮ ಶಿಷ್ಯರಿಗೆ ಎಡಗೈ ವಾದ್ಯವೃಂದದ ನಾಯಕನಿದ್ದಂತೆ, ಅದು ಲಯ ಬಿಡಬಾರದು, ಬಲಗೈ ಬೇಕಾದ ಹಾಗೆ ಬಾಗಲಿ ಎಂಬರ್ಥದಲ್ಲಿ ಹೇಳಿಕೊಡುತ್ತಿದ್ದರು ಎಂದು ಅವರಲ್ಲಿ ಕಲಿತವರು ಬರೆದಿಟ್ಟಿದ್ದಾರೆ. ಮೃದಂಗದ ಲಯ ಗಟ್ಟಿಯಾಗಿದ್ದಾಗ ಹಾಡುಗಾರರು ಎಡುಪಿನಿಂದ ಆಚೀಚೆ ವಾಲಿ ಆಡುವುದನ್ನು ಕೇಳಿದವರಿಗೆ ಇದರ ಸುಖ ಗೊತ್ತು.

ಇನ್ನೊಂದು ಪಾತ್ರಧಾರಿ ಇದೆ, ಅದು ಕಾಲು. ಪಿಯಾನೋದಲ್ಲಿ 88 ಮನೆಗಳು (ಒತ್ತುವ ಕೀಲಿಗಳು), ಸುಮಾರು 230 ತಂತಿಗಳು. ಮನೆ ಒತ್ತಿದಾಗ ಒಳಗೆ ಉಣ್ಣೆ ಸುತ್ತಿದ ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಬರುತ್ತದೆ. ಬೆರಳು ಎತ್ತಿದರೆ ಮೆತ್ತೆಯ ತುಂಡೊಂದು ತಂತಿ ಮೇಲೆ ಕೂತು ಸದ್ದು ನಿಲ್ಲಿಸುತ್ತದೆ. ಬಲಗಾಲಿನ ಪೆಡಲ್ ತುಳಿದರೆ ಆ ಮೆತ್ತೆಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಆಗ ಎಡಗೈ ಒಂದು ಕೆಳಗಿನ ಸ್ವರ ಒತ್ತಿ ಬೇರೆ ಕಡೆಗೆ ಹಾರಿಹೋದರೂ ಆ ಸ್ವರ ನಿಂತೇ ಇರುತ್ತದೆ. ಬಡಿಯದ ತಂತಿಗಳೂ ಸಿತಾರಿನ ತರಬ್ ತಂತಿಗಳ ಹಾಗೆ ತಾವೇ ಮಿಡಿಯುತ್ತವೆ. ಎರಡೇ ಕೈಯಿಂದ ಮೂರು ಕೈಯ ಸಂಗೀತ ಹೊರಡುವುದು ಹೀಗೆ. ಗಮಕ ಇಲ್ಲದ, ಬಡಿದ ಕ್ಷಣದಿಂದಲೇ ಸಾಯತೊಡಗುವ ಸ್ವರಗಳ ಈ ವಾದ್ಯವನ್ನು ಹಾಡಿಸಬೇಕು ಅಂತ ಆ ಕಾಲದವರು ಹಟ ಹಿಡಿದರು. ಶೋಪ್ಯಾನ್ ಶಿಷ್ಯರಿಗೆ ಒಳ್ಳೆಯ ಹಾಡುಗಾರರನ್ನು ಕೇಳಿ ಬನ್ನಿ ಅನ್ನುತ್ತಿದ್ದರು. ಆ ಹಟ ನನಗೆ ಇವತ್ತಿಗೂ ಬೆರಗು.

ಎಚ್ಚರಿಕೆ: ಅಭ್ಯಾಸ ಮಾಡುವಾಗ ತೊಡೆ ಮೇಲೆ ತಾಳ ಹಾಕಬೇಡಿ. ರೂಬಾಟೊ ಬಂದ ಕಡೆಯಲ್ಲೆಲ್ಲ ತಾಳ ತಪ್ಪುತ್ತದೆ, ತಪ್ಪು ನುಡಿಸಿದವರದು ಅನ್ನಿಸುತ್ತದೆ.

4. ಟಿಕೆಟ್ ಮತ್ತು ಸೀಟು

ವೇದಿಕೆಗೆ ಮುಖಮಾಡಿ ಕೂತಾಗ ನಿಮ್ಮ ಎಡಭಾಗದ ಸೀಟಿನಿಂದ ಬೆರಳುಗಳು ಕಾಣುತ್ತವೆ. ಬಲಭಾಗದಿಂದ ಮುಖ ಮಾತ್ರ ಕಾಣುತ್ತದೆ. ಪಿಯಾನೋದ ಮುಚ್ಚಳ ಸಭೆಯ ಕಡೆಗೆ ತೆರೆದಿರುವುದರಿಂದ ಸದ್ದು ನಡುವಿನಲ್ಲೂ ಬಲಗಡೆಯಲ್ಲೂ ಚೆನ್ನಾಗಿ ತುಂಬಿಕೊಳ್ಳುತ್ತದೆ. ಮೊದಲ ಸಲಕ್ಕೆ ಎಡವೇ ಇರಲಿ. ಎಡಗೈ ಕಣ್ಣಿಗೆ ಕಂಡರೆ ಕಿವಿಗೆ ಬೇಗ ಕೇಳಿಸುತ್ತದೆ. ತೀರಾ ಮುಂದಿನ ಸಾಲು ಬೇಡ, ಅಲ್ಲಿ ಸದ್ದು ತಲೆ ಮೇಲಿಂದ ಹೋಗುತ್ತದೆ.

ಲಂಡನ್ನಿನಲ್ಲಿದ್ದರೆ ವಿಗ್ಮೋರ್ ಹಾಲ್ ನೋಡಿ. 1901ರಲ್ಲಿ ಬೆಕ್‌ಸ್ಟೈನ್ ಎಂಬ ಪಿಯಾನೋ ಕಂಪನಿ ಕಟ್ಟಿಸಿದ ಹಾಲ್. ಸುಮಾರು 550 ಸೀಟು. ಇಂಥ ಸಂಗೀತಕ್ಕೆ ಹೇಳಿ ಮಾಡಿಸಿದ ಅಳತೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆಯಷ್ಟು ಹೊತ್ತಿನ ಕಚೇರಿಗಳೂ ಇರುತ್ತವೆ, ಮೊದಲ ಅನುಭವಕ್ಕೆ ಅವು ಇನ್ನೂ ಸುಲಭ. ಭಾರತದಲ್ಲಿ ಮುಂಬೈನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ದೊಡ್ಡ ಹೆಸರು. ಬೆಂಗಳೂರಿನಲ್ಲಿ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇವರ ಕಾರ್ಯಕ್ರಮ ಪಟ್ಟಿಯ ಮೇಲೆ ಕಣ್ಣಿಡಿ. ಬೇರೆ ಜಾಗವಾದರೆ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಗ್ರ್ಯಾಂಡ್ ಪಿಯಾನೋ ಇದೆಯಾ, ಇಲ್ಲ ಡಿಜಿಟಲ್ಲಾ? ಡಿಜಿಟಲ್ ಆದರೆ ಮೇಲೆ ಹೇಳಿದ ತಂತಿಗಳ ಮಿಡಿತದ ನಿಜವಾದ ರುಚಿ ಸಿಗುವುದಿಲ್ಲ.

5. ಹೊರಡುವ ಮುಂಚೆ

ಬಟ್ಟೆಗೆ ನಿಯಮವಿಲ್ಲ. ನೀಟಾಗಿದ್ದರೆ ಸಾಕು. ಸೀರೆ ಉಟ್ಟು ಹೋಗುವವರಿಗೆ ಒಂದೇ ಮಾತು, ಗಾಜಿನ ಬಳೆ ಬೇಡ. ಇಲ್ಲಿ ಮೈಕ್ ಇಲ್ಲ. ಸಣ್ಣ ಸ್ವರವೊಂದು ಹಾಲ್ ತುಂಬ ತೇಲುತ್ತಿರುವಾಗ ಎರಡು ಬಳೆ ತಾಗಿದರೂ ಹತ್ತು ಸಾಲಿಗೆ ಕೇಳುತ್ತದೆ. ಕೆಮ್ಮಿದ್ದರೆ ಪೆಪ್ಪರ್‌ಮಿಂಟಿನ ಕಾಗದ ಮೊದಲೇ ಬಿಚ್ಚಿ ಕರವಸ್ತ್ರದಲ್ಲಿ ಇಟ್ಟುಕೊಳ್ಳಿ. ಫೋನ್ ವೈಬ್ರೇಟ್‌ನಲ್ಲಿ ಇಟ್ಟರೆ ಸಾಲದು, ಆಫ್ ಮಾಡಿ.

ಇಪ್ಪತ್ತು ನಿಮಿಷ ಮುಂಚೆ ಸೇರಿ. ತಡವಾಗಿ ಬಂದವರನ್ನು ಕೃತಿಯ ನಡುವೆ ಒಳಗೆ ಬಿಡುವುದಿಲ್ಲ, ಬಾಗಿಲ ಹೊರಗೆ ನಿಲ್ಲಬೇಕು. ಸಣ್ಣ ಮಕ್ಕಳಿದ್ದರೆ ವಯಸ್ಸಿನ ನಿಯಮ ನೋಡಿ ಟಿಕೆಟ್ ತೆಗೆಯಿರಿ. ಹಸಿದು ಹೋಗಬೇಡಿ. ಸಂಜೆಯ ಕಚೇರಿಗೆ ಹದಿನೈದು ಇಪ್ಪತ್ತು ನಿಮಿಷದ ಬಿಡುವು ಸೇರಿ ಎರಡು ಗಂಟೆ ಹಿಡಿಯುತ್ತದೆ.

6. ಹಾಲ್‌ನಲ್ಲಿ ಕೂತು ಕೇಳುವಾಗ

ಮೊದಲ ಐದು ನಿಮಿಷ "ಸದ್ದು ಕಮ್ಮಿ ಆಯ್ತು" ಅನ್ನಿಸಬಹುದು. ಸ್ಪೀಕರ್‌ಗೆ ಒಗ್ಗಿದ ಕಿವಿ ನಮ್ಮದು. ಸುಮ್ನೆ ಕಾಯಿರಿ, ಕಿವಿ ತಾನೇ ಅಗಲವಾಗುತ್ತದೆ.

ಪಟ್ಟಿಗಳು ಬೇರೆ ಬೇರೆ ಇರುತ್ತವೆ. ಆದರೂ ಪದೇಪದೇ ಎದುರಾಗುವ ಮೂರು ಕೃತಿಗಳನ್ನು ಇಟ್ಟುಕೊಂಡು ಎಲ್ಲೆಲ್ಲಿ ಕಿವಿ ಇಡಬೇಕು ಅಂತ ಹೇಳುತ್ತೇನೆ.

ಶೋಪ್ಯಾನ್, ಬ್ಯಾಲಡ್ ನಂ. 1. ಅಚ್ಚಾದದ್ದು 1836ರಲ್ಲಿ. ಒಂಬತ್ತು ಹತ್ತು ನಿಮಿಷ. ಶುರುವಿನಲ್ಲಿ ಎರಡೂ ಕೈ ಒಂದೇ ಸ್ವರಗಳನ್ನು ಕೆಳಗಿನಿಂದ ಹಿಡಿದು ಮೇಲೇರುತ್ತವೆ. ಕತೆ ಹೇಳುವವರು ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ಹಿಂಜರಿಯುತ್ತಾ ನಡೆಯುವ ಮೊದಲ ಹಾಡು ಬರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗಿ, ಮೇಜರ್‌ನಲ್ಲಿ ಎರಡನೇ ಹಾಡು ಬರುತ್ತದೆ, ತುಂಬ ಮೆಲ್ಲಗೆ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ. ಅದು ಇನ್ನೆರಡು ಸಲ ಬರುತ್ತದೆ, ಆಗ ಮೆಲ್ಲಗೆ ಇರುವುದಿಲ್ಲ, ಸಿಡಿಯುತ್ತದೆ. ಮೊದಲ ಹಾಡು ವಾಪಸು ಬಂದಾಗಲೆಲ್ಲ ಎಡಗೈ ನೋಡಿ. ಅದು ಪಂಚಮವನ್ನು ಗಟ್ಟಿಯಾಗಿ ಹಿಡಿದು ಬಡಿಯುತ್ತಿರುತ್ತದೆ, ಷಡ್ಜಕ್ಕೆ ಇಳಿಯುವುದಿಲ್ಲ. ಕೇಳುವವರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುವುದು ಅದರಿಂದಲೇ. ಕೊನೆಯಲ್ಲಿ ಆ ಪಂಚಮ ಕಳಚಿಕೊಂಡು ಕೋಡಾ ಶುರುವಾಗುತ್ತದೆ. ಕೋಡಾ ಅಂದರೆ ಬಾಲ, ಮುಕ್ತಾಯದ ಭಾಗ. ಇಲ್ಲಿ ಅದು ಬೆಂಕಿ.

ಶೂಮನ್, ಕಿಂಡರ್‌ಸ್ಸೀನನ್. ಬಾಲ್ಯದ ಚಿತ್ರಗಳು ಅಂತ ಅರ್ಥ. 1838ರಲ್ಲಿ ಬರೆದ 13 ಪುಟ್ಟ ಕೃತಿಗಳ ಮಾಲೆ. ಮಕ್ಕಳು ನುಡಿಸಲಿ ಅಂತ ಬರೆದದ್ದಲ್ಲ, ದೊಡ್ಡವರು ಬಾಲ್ಯವನ್ನು ನೆನೆಸಿಕೊಂಡು ಬರೆದದ್ದು. ಏಳನೆಯದು ಟ್ರಾಯ್ಮರೈ, ಕನವರಿಕೆ. ಇಡೀ ಕೃತಿ 24 ಬಾರ್ (ನಮ್ಮ ಆವರ್ತದಂಥ ಅಳತೆ), ಮೂರು ನಿಮಿಷವೂ ಇಲ್ಲ. ಒಂದು ಹಾಡು ಮೆಟ್ಟಿಲು ಹತ್ತಿ ತುದಿ ಮುಟ್ಟಿ ಇಳಿಯುತ್ತದೆ. ಮತ್ತೆ ಹತ್ತುತ್ತದೆ. ಹತ್ತುವುದು ಬಹುಪಾಲು ಅದೇ ರೀತಿ, ಆದರೆ ತುದಿ ಮುಟ್ಟಿದಾಗ ಕೆಳಗೆ ಬರುವ ಕಾರ್ಡ್ ಬದಲಾಗುತ್ತದೆ. ಕೊನೆಯ ಸಲ ತುದಿಯಲ್ಲಿ ಸ್ವಲ್ಪ ನಿಂತುಬಿಡುತ್ತಾರೆ. ಆ ನಿಂತ ಜಾಗದಲ್ಲಿ ಎಡಗೈ ಕೊಟ್ಟ ಕಾರ್ಡ್ ಕೇಳಿ. ಒಂದು ಸ್ವರ ಅಷ್ಟು ಮಾತಾಡುತ್ತದೆ ಅಂತ ನಂಬಲಾಗುವುದಿಲ್ಲ. 1986ರಲ್ಲಿ ವ್ಲಾದಿಮೀರ್ ಹೊರೋವಿಟ್ಸ್ 61 ವರ್ಷದ ಮೇಲೆ ರಷ್ಯಾಕ್ಕೆ ಹಿಂತಿರುಗಿ ಮಾಸ್ಕೋದಲ್ಲಿ ಇದನ್ನು ನುಡಿಸಿದ ವಿಡಿಯೋ ಸಿಗುತ್ತದೆ. ಸಭೆಯಲ್ಲಿ ಒಬ್ಬರ ಕೆನ್ನೆ ಮೇಲೆ ಕಣ್ಣೀರು ಇಳಿಯುವುದು ಅದರಲ್ಲಿ ಕಾಣುತ್ತದೆ.

ಫ್ರಾಂಜ್ ಲಿಸ್ಟ್, ಬಿ ಮೈನರ್ ಸೊನಾಟಾ. ಇದು ಪರ್ವತ. 1853ರಲ್ಲಿ ಮುಗಿಸಿದ್ದು, ಶೂಮನ್ ಅವರಿಗೆ ಅರ್ಪಿಸಿದ್ದು. ಅರ್ಧ ಗಂಟೆ, ನಡುವೆ ಎಲ್ಲೂ ಬಿಡುವಿಲ್ಲ. ಮೊದಲ ಸಲ ಕೇಳಿದವರು ಇಲ್ಲೇ ದಾರಿ ತಪ್ಪುವುದು. ಆದ್ದರಿಂದ ಮೊದಲ ಒಂದು ನಿಮಿಷ ಮೈಯೆಲ್ಲ ಕಿವಿಯಾಗಿ ಕೂರಿ. ಮೂರು ತುಣುಕು ಬರುತ್ತವೆ. ಒಂದು, ಕೆಳಗೆ ಮೆಲ್ಲಗೆ ಎರಡು ಸಲ ತಟ್ಟಿ, ಮೆಟ್ಟಿಲಿಳಿದ ಹಾಗೆ ಇಳಿಯುವ ಸ್ವರಗಳು. ಎರಡು, ಮೇಲಕ್ಕೆ ನೆಗೆದು ಕೆಳಗೆ ಧುಮುಕುವ ಜೋರಾದ ತುಣುಕು. ಮೂರು, ಎಡಗೈ ಕೆಳಗೆ ಒಂದೇ ಸ್ವರವನ್ನು ಸುತ್ತಿಗೆ ಹೊಡೆದ ಹಾಗೆ ಬಡಿಯುವುದು. ಮುಂದಿನ ಅರ್ಧ ಗಂಟೆ ಬಹುಮಟ್ಟಿಗೆ ಇವುಗಳಿಂದಲೇ ಕಟ್ಟಿದ್ದು. ಕೆಲವು ನಿಮಿಷದ ಮೇಲೆ ಮನಸ್ಸು ಕರಗಿಸುವ ಒಂದು ಹಾಡು ಬಲಗೈಯಲ್ಲಿ ಬರುತ್ತದೆ. ಗಮನವಿಟ್ಟು ಕೇಳಿದರೆ ಅದು ಮತ್ತೇನೂ ಅಲ್ಲ, ಎಡಗೈಯ ಆ ಸುತ್ತಿಗೆ ಪೆಟ್ಟೇ, ನಿಧಾನವಾಗಿ ನುಡಿಸಿದ್ದು. ಮೊದಲ ಸಲ ಇದು ಹೊಳೆದಾಗ ನಾನು ಕೂತಲ್ಲೇ ನೆಟ್ಟಗಾಗಿದ್ದೆ.

ಇದರ ಮುಕ್ತಾಯವನ್ನು ಲಿಸ್ಟ್ ಮೊದಲು ಜೋರಾಗಿ ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿದರು. ಹಸ್ತಪ್ರತಿಯಲ್ಲಿ ಆ ಗೆರೆಗಳು ಇವತ್ತಿಗೂ ಕಾಣುತ್ತವೆ. ಈಗಿರುವ ಕೊನೆ ತೀರಾ ಮೆಲ್ಲಗೆ. ಮೇಲೆ ಕೆಲವು ಕಾರ್ಡ್‌ಗಳು ಉಸಿರಿನ ಹಾಗೆ ಬಂದು ಹೋಗುತ್ತವೆ. ಆಮೇಲೆ ಕೀಲಿಮಣೆಯ ಕೆಳತುದಿಯಲ್ಲಿ ಒಂದೇ ಒಂದು ಚಿಕ್ಕ ಸ್ವರ. ಅಷ್ಟೇ. ಆ ಸ್ವರವನ್ನು ಕಾಯಿರಿ.

ನಿಮ್ಮ ಪಟ್ಟಿಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ಹೆಸರಿದ್ದರೆ ಬಿಡಬೇಡಿ. ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೊನೆಯುಸಿರೆಳೆದ, ರೊಮ್ಯಾಂಟಿಕ್ ದಾರಿಯಲ್ಲೇ ನಡೆದ ಸಂಗೀತಗಾರ. 1940ರ ದಶಕದ ಕೊನೆಯಲ್ಲಿ ಅವರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಎಚ್‌ಎಂವಿಗೆ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಒಡೆಯರ್ ಸ್ವತಃ ಪಿಯಾನೋ ಕಲಿತವರು.

7. ಚಪ್ಪಾಳೆ

ನಿಯಮ ಸರಳ. ಕೃತಿ ಪೂರ್ತಿ ಮುಗಿದ ಮೇಲೆ ಚಪ್ಪಾಳೆ. ಸೊನಾಟಾದ ಮೂವ್‌ಮೆಂಟ್‌ಗಳ ನಡುವೆ ಬೇಡ, 13 ಚಿತ್ರಗಳ ಮಾಲೆಯ ನಡುವೆಯೂ ಬೇಡ. "ಭೇಷ್", "ಆಹಾ" ಕೂಡ ಆಗ ಬಾಯಿಗೆ ಬರಬಾರದು. ನಮಗೆ ಇದು ನಿಜಕ್ಕೂ ಕಷ್ಟ, ಯಾಕೆಂದರೆ ನಮ್ಮಲ್ಲಿ ಒಳ್ಳೆಯ ಸಂಗತಿಗೆ ತಲೆದೂಗಿ ದನಿಗೊಡದಿದ್ದರೆ ಕಲಾವಿದರೇ ಬೇಜಾರಾಗುತ್ತಾರೆ. ಇಲ್ಲಿ ಮೌನವೇ ಆ ಮೆಚ್ಚುಗೆ.

ಮುಗಿದದ್ದು ಹೇಗೆ ಗೊತ್ತಾಗಬೇಕು? ಸದ್ದು ನಂಬಬೇಡಿ, ಕೈ ನೋಡಿ. ಕೈಗಳು ಮನೆಗಳ ಮೇಲೋ ಗಾಳಿಯಲ್ಲೋ ಇದ್ದರೆ ಮುಗಿದಿಲ್ಲ. ಬಲಗಾಲು ಪೆಡಲ್ ಮೇಲೆ ಒತ್ತಿಯೇ ಇದ್ದರೆ ಸ್ವರ ಇನ್ನೂ ಹರಿಯುತ್ತಿದೆ. ಕೈ ತೊಡೆಗೆ ಇಳಿದು, ಅವರು ಸಭೆಯ ಕಡೆ ತಿರುಗಿ ಏಳುತ್ತಿದ್ದರೆ ಧಾರಾಳವಾಗಿ ತಟ್ಟಿ. ಅನುಮಾನ ಇದ್ದರೆ ಪಕ್ಕದವರಿಗಿಂತ ಎರಡು ಸೆಕೆಂಡ್ ಹಿಂದೆ ಇರಿ.

ಜನ ಎಡವುವ ಎರಡು ಜಾಗ ಹೇಳುತ್ತೇನೆ. ಶೋಪ್ಯಾನ್ ಅವರ ನಾಲ್ಕನೇ ಬ್ಯಾಲಡ್‌ನಲ್ಲಿ ಕೋಡಾಕ್ಕೆ ಮುಂಚೆ ದೊಡ್ಡ ಸದ್ದಿನ ಕಾರ್ಡ್‌ಗಳು ಬಂದು, ಆಮೇಲೆ ಕೆಲವು ಮೆಲ್ಲನೆಯ ಕಾರ್ಡ್‌ಗಳು ಬರುತ್ತವೆ. ಅದು ಕೊನೆಯಲ್ಲ. ಶೂಮನ್ ಅವರ ಫಾಂಟಸಿ, ಓಪಸ್ 17ರಲ್ಲಿ ಎರಡನೇ ಮೂವ್‌ಮೆಂಟ್ ಭಾರಿ ಅಬ್ಬರದಿಂದ ಮುಗಿಯುತ್ತದೆ, ಕೈ ತಾನಾಗಿಯೇ ಎದ್ದುಬಿಡುತ್ತದೆ. ತಡೆಯಿರಿ. ಅದರ ನಂತರ ಬರುವ ನಿಧಾನದ ಮೂರನೇ ಮೂವ್‌ಮೆಂಟ್ ಆ ಕೃತಿಯ ಪ್ರಾಣ.

ಅಕಸ್ಮಾತ್ ತಪ್ಪಾಗಿ ತಟ್ಟಿದರೆ ಏನೂ ಮುಳುಗಿಹೋಗುವುದಿಲ್ಲ. ಲಿಸ್ಟ್ ಕಾಲದ ಸಭೆಗಳಲ್ಲಿ ಜನ ನಡುನಡುವೆ ಕೂಗಿ ಮೆಚ್ಚುಗೆ ಹೇಳುವುದು ಮಾಮೂಲಾಗಿತ್ತು. ಈಗಿನ ಶಿಸ್ತು ಆಮೇಲೆ ಬಂದದ್ದು.

8. ಪಟ್ಟಿ ಮುಗಿದ ಮೇಲೆ

ಕೊನೆಯ ಕೃತಿ ಆದ ಕೂಡಲೇ ಕೋಟು ಹುಡುಕಬೇಡಿ. ಚಪ್ಪಾಳೆ ನಿಲ್ಲದಿದ್ದರೆ ಅವರು ಎರಡು ಮೂರು ಸಲ ಒಳಗೆ ಹೋಗಿ ಬಂದು ಮತ್ತೆ ಕೂರುತ್ತಾರೆ. ಇದು ಎನ್ಕೋರ್, ಪಟ್ಟಿಯಲ್ಲಿ ಇಲ್ಲದ ಹೆಚ್ಚಿನ ಒಂದು ಕೃತಿ. ಸಾಮಾನ್ಯವಾಗಿ ಚಿಕ್ಕದು, ಮೆಲ್ಲನೆಯದು. ಮಾಸ್ಕೋದಲ್ಲಿ ಹೊರೋವಿಟ್ಸ್ ಟ್ರಾಯ್ಮರೈ ನುಡಿಸಿದ್ದು ಎನ್ಕೋರ್ ಆಗಿಯೇ.

ಎನ್ಕೋರ್ ಹೆಸರನ್ನು ಕೆಲವರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಹೇಳಿದರೂ ದನಿ ಸಣ್ಣ, ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಹೊರಗೆ ಬರುವಾಗ ಪಕ್ಕದವರನ್ನು ಕೇಳಿ, ನಾಚಿಕೊಳ್ಳಬೇಡಿ. ಇಂಥ ಸಭೆಗೆ ಬಂದವರು ಆ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಯಾರಿಗೂ ಗೊತ್ತಿಲ್ಲವಾದರೆ ಎಡಗೈ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಂಡು ಬನ್ನಿ: ಒಂದು ಕೆಳಗಿನ ಸ್ವರ ಎರಡು ಕಾರ್ಡಾ, ಅಲೆಯ ಹಾಗೆ ಏರಿ ಇಳಿಯುತ್ತಿತ್ತಾ, ಒಂದೇ ಕಡೆ ನಿಂತಿತ್ತಾ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ನಾಕ್ಟರ್ನ್, ಪ್ರೆಲ್ಯೂಡ್‌ಗಳನ್ನು ಒಂದೊಂದಾಗಿ ಅರ್ಧ ನಿಮಿಷ ಕೇಳುತ್ತಾ ಹೋಗಿ. ಅದರ ಮೊದಲ ಹೆಜ್ಜೆ ಕಿವಿಗೆ ಬಿದ್ದ ಕೂಡಲೇ ನಿಮಗೆ ಗೊತ್ತಾಗುತ್ತದೆ.